ಚಾಳೀಸು ಬಂದ್ಮೇಲೂ ಮಾಡೆಲ್ ಕಟ್ಟಬಹುದು: ಭೂತಗನ್ನಡಿ ಆರಿಸೋದು, ಬಳಸೋದು ಹೇಗೆ

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ ಕೊಟ್ರಲ್ಲ, ಅದಾದ್ಮೇಲೆ ಪ್ಲಾಸ್ಟಿಕ್ ಮಾಡೆಲ್ ಕಟ್ಟೋ ನಮ್ಮ ಗುಂಪಲ್ಲಿ ಸುಮಾರು ಜನ ಅಟ್ಟದ ಮೇಲೆ ಧೂಳು ತಿಂತಿದ್ದ ಮಿಗ್ ಮಾಡೆಲ್ ಕಿಟ್ ಕೆಳಗಿಳಿಸಿದ್ರು. ಹತ್ತು ಹದಿನೈದು ವರ್ಷ ಡಬ್ಬ ಮುಟ್ಟದೇ ಇದ್ದವರು. ಕೂತು ನೋಡಿದ್ರೆ ಮೂತಿ ಮುಂದಿನ ಪಿಟೋ ಕಡ್ಡಿಗೆ (ವಿಮಾನದ ವೇಗ ಅಳೆಯೋ ಕೊಳವೆ) ಅಂಟಿಸೋ ಪುಟ್ಟ ರೆಕ್ಕೆಗಳು ಚಿಮಟದ ತುದೀಲಿ ಇವೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ. ತಕ್ಷಣ ಆನ್‌ಲೈನಲ್ಲಿ ಸಿಗೋದ್ರಲ್ಲೇ ಅತಿ ದೊಡ್ಡ ನಂಬರಿನ ಭೂತಗನ್ನಡಿ ತರಿಸ್ಕೊಂಡ್ರು, ಒಂದು ವಾರ ತಲೆನೋವು ಅನುಭವಿಸಿದ್ರು, ಕಿಟ್ ಮತ್ತೆ ಅಟ್ಟಕ್ಕೆ ಹೋಯ್ತು. ಹೀಗೆ ಆಗಿದ್ದನ್ನ ನಾನು ಮೂರು ಮನೇಲಿ ನೋಡಿದೀನಿ, ಅದಕ್ಕೇ ಇದನ್ನ ಬರೀತಿರೋದು. ಇಲ್ಲಿ ಹೆಚ್ಚು ಎಡವಟ್ಟಾಗೋದು ಕಣ್ಣಿಂದ ಅಲ್ಲ, ತಪ್ಪು ನಂಬರ್ ತಗೊಂಡಿದ್ರಿಂದ.

ಮೊದಲು ಕಣ್ಣು ಪರೀಕ್ಷೆ. ನಲವತ್ತು ದಾಟಿದ್ಮೇಲೆ ಕಣ್ಣೊಳಗಿನ ಲೆನ್ಸ್ ಗಟ್ಟಿಯಾಗ್ತಾ ಹೋಗುತ್ತೆ, ಹತ್ತಿರದ್ದಕ್ಕೆ ಫೋಕಸ್ ಮಾಡೋಕಾಗಲ್ಲ, ಇದೇ ಚಾಳೀಸು, ಎಲ್ಲರಿಗೂ ಬರೋದೇ. ಆದ್ರೆ ನೆಟ್ಟಗಿರೋ ಗೆರೆ ಡೊಂಕಾಗಿ ಕಂಡ್ರೆ, ಒಂದೇ ಕಣ್ಣು ಮಬ್ಬಾಗಿದ್ರೆ, ದೀಪದ ಸುತ್ತ ಬಳೆ ಥರ ಕಂಡ್ರೆ ಅದು ಬರೀ ಚಾಳೀಸು ಇರ್ಲಿಕ್ಕಿಲ್ಲ, ಭೂತಗನ್ನಡಿ ಆಮೇಲೆ, ಮೊದಲು ಡಾಕ್ಟ್ರು. ಇನ್ನೊಂದು ಮಾತು, ಬರೀ "ಹತ್ತಿರದ್ದು ಕಾಣ್ತಿಲ್ಲ" ಅಂದ್ರೆ ಅವರು ಪೇಪರ್ ಓದೋ ದೂರಕ್ಕೆ, ಅಂದ್ರೆ ಸುಮಾರು 40 ಸೆಂ.ಮೀ.ಗೆ ನಂಬರ್ ಬರ್ಕೊಡ್ತಾರೆ. ನೀವು ಕೆಲಸ ಮಾಡೋ ಮೇಜಿನ ಹತ್ರ ಕೂತು, ಕಣ್ಣಿಂದ ಕೈವರೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು ಆ ಲೆಕ್ಕ ತಗೊಂಡು ಹೋಗಿ.

ಎರಡನೇದು ಬೆಳಕು. ವಯಸ್ಸಾಗ್ತಾ ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಒಳಗಿನ ಲೆನ್ಸ್ ಹಳದಿಗೆ ತಿರುಗುತ್ತೆ, ಒಳಗೆ ಹೋಗೋ ಬೆಳಕೇ ಕಮ್ಮಿ. ಮೇಜಿನ ಎಡಕ್ಕೊಂದು ಬಲಕ್ಕೊಂದು ಬಾಗಿಸೋ ಲ್ಯಾಂಪ್ ಹಾಕಿ, 5000 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ಬಲ್ಬು, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋ ಅಂಕ) 90ಕ್ಕಿಂತ ಮೇಲಿರ್ಲಿ, ಇಲ್ಲಾಂದ್ರೆ ಮಿಗ್ ಕಾಕ್‌ಪಿಟ್ಟಿನ ಆ ನೀಲಿ-ಹಸಿರು ಬಣ್ಣ ರಾತ್ರಿ ಒಂಥರಾ, ಹಗಲಲ್ಲಿ ಇನ್ನೊಂಥರಾ ಕಾಣುತ್ತೆ. ಎಷ್ಟೋ ಜನಕ್ಕೆ ಇಷ್ಟು ಮಾಡಿದ್ರೇ ಅರ್ಧ ಕಷ್ಟ ಕಳೆಯುತ್ತೆ. ಹಣೆಗೆ ಕಟ್ಟೋ ಭೂತಗನ್ನಡಿಗೆ ಪುಟ್ಟ ಎಲ್‌ಇಡಿ ಅಂಟಿಸಿ ಮಾರ್ತಾರಲ್ಲ, ಅದನ್ನ ನಂಬ್ಕೋಬೇಡಿ. ಬೆಳಕು ಕಣ್ಣಿನ ದಿಕ್ಕಿಂದಲೇ ಬಿದ್ರೆ ನೆರಳೇ ಬೀಳಲ್ಲ, ನೆರಳಿಲ್ಲದೆ ಪ್ಯಾನೆಲ್ ಗೆರೆ ಕಾಣಲ್ಲ, ಉಜ್ಜಿ ಸಾಪಾಗ್ಬೇಕಾದ ಜೋಡಣೆ ಗೆರೆ ಅಂತೂ ಕಾಣೋದೇ ಇಲ್ಲ. ಅಡ್ಡಬೆಳಕು ಬೇಕು. ಕಾಕ್‌ಪಿಟ್ ಒಳಗೆ ಇಣುಕೋವಾಗ ಮಾತ್ರ ಹಣೆ ದೀಪ ಹಚ್ಕೊಳ್ಳಿ.

ಮೂರನೇದು ನಂಬರ್ ಆರಿಸೋದು. ಎಲ್ಲರೂ ಜಾರೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಹಣೆಗೆ ಕಟ್ಟೋ ಒಳ್ಳೆ ಭೂತಗನ್ನಡಿಗಳ ಮೇಲೆ ಡಯಾಪ್ಟರ್ ನಂಬರ್, ಅಂದ್ರೆ ಲೆನ್ಸಿನ ಶಕ್ತಿಯ ಅಳತೆ, ಇರುತ್ತೆ. ನೂರನ್ನ ಆ ನಂಬರಿಂದ ಭಾಗಿಸಿದ್ರೆ ವಸ್ತು ಎಷ್ಟು ಸೆಂ.ಮೀ. ದೂರದಲ್ಲಿ ಇರ್ಬೇಕು ಅಂತ ಬರುತ್ತೆ. 4 ಅಂದ್ರೆ 25 ಸೆಂ.ಮೀ., 5 ಅಂದ್ರೆ 20, 7 ಅಂದ್ರೆ ಸುಮಾರು 14, 10 ಅಂದ್ರೆ ಬರೀ 10. ಅಂದ್ರೆ ಜಾಸ್ತಿ ದೊಡ್ಡದಾಗಿ ಕಾಣ್ಬೇಕಂದ್ರೆ ಮುಖ ಕೆಲಸದ ಹತ್ರ ಹೋಗ್ಲೇಬೇಕು, ತಪ್ಪಿಸ್ಕೊಳ್ಳೋ ದಾರಿ ಇಲ್ಲ. 10 ನಂಬರ್ ಹಾಕ್ಕೊಂಡ್ರೆ ಮೂಗಿಗೂ ಮಾಡೆಲ್ಲಿಗೂ ನಡುವೆ ಒಂದು ಅಂಗೈ ಅಗಲ ಜಾಗ, ಅದರೊಳಗೆ ಬ್ರಷ್ ಹೆಂಗೆ ತೂರಿಸ್ತೀರಿ? ಥಿನ್ನರ್ ಘಾಟು, ಸೂಪರ್ ಗ್ಲೂ ಹೊಗೆ ನೇರ ಮೂಗಿಗೆ. ಸಾಲದ್ದಕ್ಕೆ ಫೋಕಸ್ ಆಗೋ ಪದರ ತೀರಾ ತೆಳು, ತಲೆ ಒಂಚೂರು ಅಲ್ಲಾಡಿದ್ರೂ ಎಲ್ಲ ಮಂಜು. ಅದನ್ನ ಹಿಡಿದಿಡೋಕೆ ಕತ್ತು ಬಿಗಿ ಹಿಡೀತೀವಿ, ತಲೆನೋವು ಬರೋದು ಹಾಗೆ.

ನನ್ನ ಮಾತು ಕೇಳಿ, 4 ತಗೊಳ್ಳಿ. ಆಪ್ಟಿವೈಸರ್ ಅನ್ನೋ ಹಣೆಗೆ ಕಟ್ಟೋ ಭೂತಗನ್ನಡಿ ಬ್ರಾಂಡಿನ ಲೆಕ್ಕದಲ್ಲಿ ಅದು ಎರಡು ಪಟ್ಟು ದೊಡ್ಡದಾಗಿ ತೋರಿಸುತ್ತೆ, ದೂರ 10 ಇಂಚು. 1/72 ಸ್ಕೇಲಲ್ಲಿ, ಅಂದ್ರೆ ಅಸಲಿ ವಿಮಾನದ 72ರಲ್ಲಿ ಒಂದು ಪಾಲು ಅಳತೇಲಿ, ಮಿಗ್ ಉದ್ದ 20 ಸೆಂ.ಮೀ. ಆಸುಪಾಸು, ಅಷ್ಟರ ನೂರಕ್ಕೆ ತೊಂಬತ್ತು ಕೆಲಸ 4ರಲ್ಲೇ ಮುಗಿಯುತ್ತೆ. ಪೈಲಟ್ ಗೊಂಬೆ ಎದ್ದು ನಿಂತ್ರೂ ಎರಡೂವರೆ ಸೆಂ.ಮೀ. ಆಗಲ್ಲ, ಅದರ ಕಣ್ಣಿನ ಅಗಲ ಅರ್ಧ ಮಿಲಿಮೀಟರಿಗೂ ಕಮ್ಮಿ, ಅದಕ್ಕೆ ಮತ್ತೆ ಹಿತ್ತಾಳೆ ತಗಡಿನ ಫೋಟೋ-ಎಚ್ (ರಾಸಾಯನಿಕದಿಂದ ಕೊರೆದ) ಚೂರುಗಳಿಗೆ ಬೇಕಂದ್ರೆ ಎರಡನೇ ಲೆನ್ಸ್ ಆಗಿ 7 ಇಟ್ಕೊಳ್ಳಿ. 10 ಬೇಡವೇ ಬೇಡ.

ಈಗ ಕನ್ನಡಕ ಇರೋರ ವಿಷಯ. ಓದೋ ಕನ್ನಡಕ +2 ಹಾಕ್ಕೊಂಡು ಅದರ ಮೇಲೆ 4 ಕಟ್ಟಿದ್ರೆ ಎರಡೂ ಕೂಡಿ 6 ಆಗುತ್ತೆ, ದೂರ 25ರಿಂದ 17ಕ್ಕೆ ಇಳಿಯುತ್ತೆ. ಇದು ಗೊತ್ತಿಲ್ಲದೆ "ಲೆನ್ಸ್ ಸರಿಯಿಲ್ಲ" ಅಂತ ವಾಪಸ್ ಕಳಿಸಿದವರಿದ್ದಾರೆ. ದೂರದ ನಂಬರಿನ ಕನ್ನಡಕ ಹಾಕ್ಕೊಂಡು ಮೇಲೆ 4 ಕಟ್ಟಿ ನೋಡಿ, ಲೆಕ್ಕ ಸರಿಯಾಗಿ ಕೂರುತ್ತೆ. ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್ ಇರೋ) ಕನ್ನಡಕದವರಿಗೇ ಕಷ್ಟ ಜಾಸ್ತಿ. ಓದೋ ಭಾಗ ಅದರಲ್ಲಿ ಕೆಳಗಿರುತ್ತೆ, ಮಾಡೆಲ್ ನೋಡೋವಾಗ ನೋಟ ಮಧ್ಯದಲ್ಲಿ ಹಾಯುತ್ತೆ, ಹೀಗಾಗಿ ಗೊತ್ತಿಲ್ಲದೆ ಗದ್ದ ಮೇಲೆತ್ತಿ ಕೂರ್ತಾರೆ, ಹಣೆ ಮೇಲೆ ಭೂತಗನ್ನಡಿ ತೂಕ ಬೇರೆ, ಒಂದು ಗಂಟೇಲಿ ಕತ್ತು ಹಿಡ್ಕೊಳ್ಳುತ್ತೆ. ಮೇಜಿಗೆ ಅಂತಾನೇ ಒಂದೇ ನಂಬರಿನ ಕನ್ನಡಕ ಮಾಡಿಸ್ಕೊಳ್ಳಿ, ಸಾಧಾರಣ ಫ್ರೇಮ್ ಸಾಕು. ಮೈನಸ್ ನಂಬರಿನವರಿಗೆ ಒಂದು ಅನುಕೂಲ ಇದೆ, -4 ಇದ್ರೆ ಕನ್ನಡಕ ತೆಗೆದಿಟ್ರೇ ಸಾಕು, 25 ಸೆಂ.ಮೀ. ದೂರದಲ್ಲಿ ಎಲ್ಲ ಸ್ಪಷ್ಟ. ಆದ್ರೆ ಬ್ಲೇಡಿನ ತುದಿ ಮುರಿದು ಹಾರೋದು ಉಂಟು, ಬರಿಗಣ್ಣಲ್ಲಿ ಕುಯ್ಯಬೇಡಿ, ನಂಬರಿಲ್ಲದ ಸೇಫ್ಟಿ ಕನ್ನಡಕ ಆದ್ರೂ ಹಾಕ್ಕೊಳ್ಳಿ.

ಕೊಳ್ಳೋವಾಗ ಗಾಜಿನ ಲೆನ್ಸೇ ಕೇಳಿ. ಅಕ್ರಿಲಿಕ್ ಹಗುರ ನಿಜ, ಆದ್ರೆ ಬೇಗ ಗೀರು ಬೀಳುತ್ತೆ, ಒಂದು ಹನಿ ಅಸಿಟೋನ್ ಸಿಡಿದ್ರೂ ಲೆನ್ಸ್ ಹಾಳು. ಐದು ಲೆನ್ಸ್ ಸೇರಿಸಿ ಒಂದು ಡಬ್ಬೀಲಿ ಕೊಡೋ ಅಗ್ಗದ ಸೆಟ್ಟು ನಾನೂ ತಂದಿದ್ದೆ, ಅಂಚಲ್ಲಿ ನೋಡಿದ್ರೆ ನೆಟ್ಟಗಿರೋ ರೆಕ್ಕೆ ಬಾಳೆಹಣ್ಣಿನ ಥರ ಬಾಗಿ ಕಾಣ್ತಿತ್ತು. ಗಡಿಯಾರ ರಿಪೇರಿಯವರು ಒಂದೇ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಲೂಪ್ ನೋಡಿ ಆಸೆ ಪಡಬೇಡಿ, ಅವರ ಕೆಲಸ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿರುತ್ತೆ, ಕೈ ಪಳಗಿರುತ್ತೆ. ನಮಗೆ ಆಳ ಗೊತ್ತಾಗ್ಬೇಕು, ಅದಕ್ಕೆ ಎರಡೂ ಕಣ್ಣು ಬೇಕು. ಯುಎಸ್‌ಬಿ ಮೈಕ್ರೋಸ್ಕೋಪ್ ಮುಗಿದ ಕೆಲಸ ಪರೀಕ್ಷೆ ಮಾಡೋಕೆ ಸರಿ, ಸ್ಕ್ರೀನ್ ನೋಡ್ಕೊಂಡು ಅಂಟಿಸೋಕೆ ಹೋದ್ರೆ ಚಿತ್ರ ಒಂದು ಕ್ಷಣ ತಡವಾಗಿ ಬರುತ್ತೆ, ಕೈ ಎಲ್ಲೋ ಹೋಗಿರುತ್ತೆ. ಮೇಜಿಗೆ ಕಚ್ಚಿಸೋ ಲ್ಯಾಂಪ್-ಭೂತಗನ್ನಡಿ ಡೆಕಾಲ್ (ಮಾಡೆಲ್ ಮೇಲೆ ಅಂಟಿಸೋ ಗುರುತಿನ ಚಿತ್ರ) ಹಚ್ಚೋಕೆ ಚೆನ್ನಾಗಿದೆ, 3 ಡಯಾಪ್ಟರಿಂದು ತಗೊಳ್ಳಿ.

ನಾಲ್ಕನೇದು ಕೈ ಪಳಗಿಸೋದು. ಇದನ್ನ ಯಾರೂ ಮಾಡಲ್ಲ, ತಂದ ದಿನವೇ ಕಿಟ್ ಮೇಲೆ ಬೀಳ್ತಾರೆ. ಭೂತಗನ್ನಡಿ ಒಳಗೆ ಕೈನೂ ದೊಡ್ಡದಾಗಿ ಕಾಣುತ್ತೆ, ಸ್ವಲ್ಪ ಸರಿಸಿದ್ರೂ ತುಂಬಾ ಸರಿದಂಗೆ ಅನ್ಸುತ್ತೆ, ಮೆದುಳಿಗೆ ಈ ಹೊಸ ಲೆಕ್ಕ ಕೂರೋಕೆ ನಾಲ್ಕೈದು ದಿನ ಬೇಕು. ನಾನು ಹೇಳ್ಕೊಡೋದು ಹೀಗೆ: ಅಡುಗೆಮನೆಯಿಂದ ಒಂದು ತಟ್ಟೇಲಿ ಒಂದಿಷ್ಟು ಸಾಸಿವೆ, ಒಂದಿಷ್ಟು ರಾಗಿ, ಒಂದಿಷ್ಟು ಗಸಗಸೆ ತನ್ನಿ. 4 ಕಟ್ಕೊಂಡು ಚಿಮಟದಲ್ಲಿ ಒಂದೊಂದೇ ಸಾಸಿವೆ ಎತ್ತಿ, ಕಾಗದದ ಮೇಲೆ ಗೆರೆ ಹಾಕಿ ಅದರ ಮೇಲೆ ಸಾಲಾಗಿ ಇಡಿ. ಸಾಸಿವೆ ನುಣುಪು, ಒತ್ತಿ ಹಿಡಿದ್ರೆ ಟಪ್ ಅಂತ ಸಿಡಿದು ಹೋಗುತ್ತೆ, ಎಷ್ಟು ಹಗುರ ಹಿಡೀಬೇಕು ಅಂತ ಬೆರಳಿಗೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ರಾಗಿ. ಗಸಗಸೆ ಕಾಳು ಹತ್ತು ಸಾಲಾಗಿ ಇಟ್ಟ ದಿನ ಪಿಟೋ ಕಡ್ಡಿ ರೆಕ್ಕೆಗೆ ಕೈ ಹಾಕಿ.

ಇಡೋವಾಗ ಗಮನಿಸಿ, ಮೊಣಕೈ ಎರಡೂ ಮೇಜಿನ ಮೇಲಿರ್ಬೇಕು, ಎರಡೂ ಅಂಗೈ ಬುಡ ಒಂದಕ್ಕೊಂದು ತಾಗಿರ್ಬೇಕು, ಎಡಗೈಯಲ್ಲಿ ಮಾಡೆಲ್, ಬಲಗೈಯಲ್ಲಿ ಬ್ರಷ್, ಬಲಗೈ ಕಿರುಬೆರಳು ಎಡಗೈಗೆ ಆನಿಸಿರ್ಲಿ. ಆಗ ಕೈ ನಡುಗಿದ್ರೂ ಎರಡೂ ಒಟ್ಟಿಗೆ ನಡುಗುತ್ವೆ, ಬ್ರಷ್ ತುದಿ ಜಾಗ ಬಿಟ್ಟು ಹೋಗಲ್ಲ. ಮಾಡೆಲನ್ನ ಫೋಕಸ್ ಜಾಗಕ್ಕೆ ತನ್ನಿ, ತಲೆ ಬಗ್ಗಿಸ್ಕೊಂಡು ಮಾಡೆಲ್ ಹತ್ರ ಹೋಗ್ಬೇಡಿ. ಮೇಜು ತಗ್ಗಿದ್ರೆ ಎರಡು ದಪ್ಪ ಪುಸ್ತಕ ಇಟ್ಟು ಕೆಲಸವನ್ನ ಎತ್ತರಿಸ್ಕೊಳ್ಳಿ, ನನ್ನ ಕತ್ತುನೋವು ಹೋಗಿದ್ದು ಅದರಿಂದಲೇ. ಬಾಟಲಿ, ಬ್ಲೇಡ್ ತಗೊಳ್ಳೋಕೆ ಕೈ ಚಾಚೋ ಮುಂಚೆ ಭೂತಗನ್ನಡಿ ಮೇಲಕ್ಕೆತ್ತಿ, ಅದರೊಳಗಿಂದ ದೂರದ್ದು ಮಂಜಾಗಿ ಕಾಣುತ್ತೆ, ಬ್ಲೇಡಿಗೆ ಬೆರಳು ತಾಗೋದು ಆಗಲೇ. ಇಪ್ಪತ್ತು ನಿಮಿಷಕ್ಕೊಂದ್ಸಲ ತೆಗೆದಿಟ್ಟು ಕಿಟಕಿಯಾಚೆ ದೂರದ ಮರ ನೋಡಿ.

ಕಿಟಕಿ ಅಂದ್ಮೇಲೆ ಕೊನೇ ಹಂತ. ಕೆಲಸ ಮುಗಿದ್ಮೇಲೆ ಲೆನ್ಸಿನ ಮೇಲಿನ ಧೂಳನ್ನ ಮೊದಲು ಊದಿ, ಉಜ್ಜಿದ ಪ್ಲಾಸ್ಟಿಕ್ ಪುಡಿ ಅದರ ಮೇಲೆ ಕೂತಿರುತ್ತೆ, ಊದದೇ ಒರೆಸಿದ್ರೆ ಅದೇ ಗೀರುತ್ತೆ, ಆಮೇಲೆ ಕನ್ನಡಕದ ಬಟ್ಟೇಲಿ ಒರೆಸಿ ಚೀಲಕ್ಕೆ ಹಾಕಿ. ಮೇಜಿನ ಲ್ಯಾಂಪ್-ಭೂತಗನ್ನಡಿಗೆ ದಪ್ಪ ಬಟ್ಟೆ ಮುಚ್ಚಲೇಬೇಕು. ನನ್ನ ಮೇಜು ಪೂರ್ವದ ಕಿಟಕಿ ಪಕ್ಕ ಇದೆ, ಒಂದು ರಾತ್ರಿ ಮುಚ್ಚದೆ ಮಲಗಿಬಿಟ್ಟೆ. ಬೆಳಗ್ಗೆ ಎದ್ದು ಬಂದ್ರೆ ಸುಟ್ಟ ವಾಸನೆ, ಕಟಿಂಗ್ ಮ್ಯಾಟ್ ಮೇಲೆ ಬೆರಳುದ್ದದ ಕಂದು ಗೆರೆ, ಸೂರ್ಯ ಸರಿದಂಗೆ ಸುಡ್ತಾ ಸುಡ್ತಾ ಹೋಗಿತ್ತು, ಗೆರೆಯ ತುದಿಯಿಂದ ಒಂದು ಗೇಣು ಆಚೆ ಥಿನ್ನರ್ ಬಾಟಲಿ. ಆವತ್ತಿಂದ ಹಳೇ ಕಪ್ಪು ಪಂಚೆ ತುಂಡೊಂದನ್ನ ಲ್ಯಾಂಪಿನ ಕತ್ತಿಗೇ ದಾರ ಹಾಕಿ ಕಟ್ಟಿಬಿಟ್ಟಿದೀನಿ, ಸ್ವಿಚ್ ಆರಿಸೋ ಕೈಯಲ್ಲೇ ಎಳೆದು ಮುಚ್ತೀನಿ.