ಚಿಪ್‌ನಲ್ಲಿ ಒಂದೊಂದೇ ಯೀಸ್ಟ್ ಕೋಶ ಹಿಡಿದು ನೋಡುವುದು: ನನ್ನ ಅನುಭವ

ತುಮಕೂರಿನ ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಯೀಸ್ಟ್ ಕೋಶಗಳನ್ನು ಒಂದೊಂದಾಗಿ ಹಿಡಿದು, ಅವು ಮೊಗ್ಗು ಬಿಡುವುದನ್ನು (ಮೈಯಿಂದಲೇ ಮರಿಕೋಶ ಬೆಳೆಸುವುದನ್ನು) ಗಂಟೆಗಟ್ಟಲೆ ಚಿತ್ರ ತೆಗೆಯಲು ನಾನು ಅನುಸರಿಸುವ ಕ್ರಮ ಇದು. ಕೋಶದ ಗಾತ್ರ ಸುಮಾರು 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಚಿಪ್ ಎಂದರೆ ಗಾಜಿಗೆ ಅಂಟಿಸಿದ, ರಬ್ಬರಿನಂಥ ಸಣ್ಣ ತುಂಡು. ಅದರೊಳಗಿನ ಕಾಲುವೆ 1 ಮಿ.ಮೀ. ಅಗಲ, 6 ಮೈಕ್ರಾನ್ ಎತ್ತರ. ಒಳಗೆ ಬೊಗಸೆಯಂಥ ನೂರು ಗೂಡುಗಳು, ಪ್ರತಿಯೊಂದರ ತಳದಲ್ಲಿ 2 ಮೈಕ್ರಾನ್ ಸೀಳು. ಸೀಳಿನಲ್ಲಿ ಹರಿಯುವ ದ್ರವ ಕೋಶವನ್ನು ಎಳೆದು ಕೂರಿಸುತ್ತದೆ. ಅದು ಕೂತು ಸೀಳು ಮುಚ್ಚಿತೆಂದರೆ ಹಿಂದೆ ಬರುವ ಕೋಶ ಪಕ್ಕಕ್ಕೆ ಸರಿದು ಮುಂದಿನ ಗೂಡಿಗೆ ಹೋಗುತ್ತದೆ.

ಸಿಲಿಕಾನ್ ಬಿಲ್ಲೆಯ ಮೇಲಿನ ಎಸ್‌ಯು-8 (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ರಾಳ) ಅಚ್ಚನ್ನು ಕ್ಲೀನ್‌ರೂಮ್‌ನಲ್ಲಿ (ಧೂಳಿಲ್ಲದ ಕೋಣೆ) ಮಾಡಿಸಬೇಕು, ಮಿಕ್ಕಿದ್ದೆಲ್ಲ ಇಲ್ಲೇ ಆಗುತ್ತದೆ. ಪಿಡಿಎಂಎಸ್ (ಗಟ್ಟಿಯಾದಾಗ ರಬ್ಬರಿನಂತಾಗುವ ಪಾರದರ್ಶಕ ಸಿಲಿಕೋನ್) 10 ಪಾಲು, ಗಟ್ಟಿಯಾಗಿಸುವ ದ್ರವ 1 ಪಾಲು, ತೂಕದಲ್ಲಿ. ಚೆನ್ನಾಗಿ ಕಲಸಿ, ಡೆಸಿಕೇಟರ್‌ನಲ್ಲಿ (ಪಂಪ್‌ನಿಂದ ಗಾಳಿ ಹೀರಿ ತೆಗೆಯುವ ಮುಚ್ಚಿದ ಪಾತ್ರೆ) ಅರ್ಧ ಗಂಟೆ ಗಾಳಿ ತೆಗೆದು, ಅಚ್ಚಿಗೆ ಸುರಿದು 70 ಡಿಗ್ರಿಯಲ್ಲಿ ಎರಡು ಗಂಟೆ. ಗಟ್ಟಿಯಾದುದನ್ನು ಅಚ್ಚಿನಿಂದ ಬಿಡಿಸಿ, ದ್ರವ ಒಳಬರಲು, ಹೊರಹೋಗಲು ತೂತು ಕೊರೆದಾಗ ಬರುವ ಪಿಡಿಎಂಎಸ್ ಕಡ್ಡಿ ಪೂರ್ತಿ ಹೊರಬಿತ್ತೇ ಎಂದು ನೋಡಲೇಬೇಕು, ಚೂರು ಉಳಿದರೆ ಕಾಲುವೆ ಕಟ್ಟುತ್ತದೆ. ಧೂಳನ್ನು ಸೆಲ್ಲೋಟೇಪ್‌ನಿಂದ ಎತ್ತಿ, ಪ್ಲಾಸ್ಮಾದಲ್ಲಿ (ಮೇಲ್ಮೈಯನ್ನು ಅಂಟುವಂತೆ ಮಾಡುವ, ವಿದ್ಯುತ್ತಿನಿಂದ ಕೆರಳಿಸಿದ ಅನಿಲ) 45 ಸೆಕೆಂಡ್ ಇಟ್ಟು ಗಾಜಿಗೆ ಅಂಟಿಸುತ್ತೇನೆ. ಹೆಬ್ಬೆರಳಿನಿಂದ ಒತ್ತಬೇಡಿ: 6 ಮೈಕ್ರಾನ್ ಎತ್ತರದ ಚಾವಣಿ ಕುಸಿದು ಗಾಜಿಗೇ ಅಂಟಿಬಿಡುತ್ತದೆ. ಗಾಜು 0.17 ಮಿ.ಮೀ. ದಪ್ಪದ ಕವರ್‌ಸ್ಲಿಪ್ ಆಗಿರಲಿ. ಮಾಮೂಲಿ ಸ್ಲೈಡ್ ಹಾಕಿದರೆ 40 ಪಟ್ಟಿನ ಲೆನ್ಸ್‌ನಲ್ಲಿ ಕೋಶದ ಅಂಚು ಮಸುಕಾಗುತ್ತದೆ.

ಹೆಚ್ಚು ಚಿಪ್ ಕೆಡುವುದು ಗಾಳಿಗುಳ್ಳೆಯಿಂದ. ಒಂದು ಗುಳ್ಳೆ ಗೂಡುಗಳ ಮಧ್ಯೆ ಸಿಕ್ಕಿಕೊಂಡರೆ ಹರಿವು ಅದನ್ನು ಬಳಸಿ ಹೋಗುತ್ತದೆ, ಆ ಸಾಲಿಗೆ ಕೋಶವೇ ಬರುವುದಿಲ್ಲ. ಅದು ಸರಿದಾಗಲಂತೂ ಕೂತಿದ್ದ ಕೋಶಗಳನ್ನೂ ಗುಡಿಸಿಕೊಂಡು ಹೋಗುತ್ತದೆ. ಪ್ಲಾಸ್ಮಾ ಆದಮೇಲೆ ಪಿಡಿಎಂಎಸ್ ಕೆಲವು ಗಂಟೆಗಳಲ್ಲೇ ಮತ್ತೆ ನೀರನ್ನು ದೂಡತೊಡಗುತ್ತದೆ, ಅದಕ್ಕೇ ಅಂದೇ ದ್ರವ ತುಂಬಬೇಕು. ತುಂಬುವ ಮುನ್ನ ಚಿಪ್ಪನ್ನು 20 ನಿಮಿಷ ಡೆಸಿಕೇಟರ್‌ನಲ್ಲಿಡಿ. ಗಾಳಿ ಕಳೆದುಕೊಂಡ ಪಿಡಿಎಂಎಸ್ ಕಾಲುವೆಯ ಗಾಳಿಯನ್ನು ತಾನೇ ಹೀರುತ್ತದೆ. ಫ್ರಿಜ್‌ನಿಂದ ತೆಗೆದ ಮೀಡಿಯಂ (ಯೀಸ್ಟ್ ಬೆಳೆಯುವ ಪೋಷಕ ದ್ರವ) ನೇರ ಬಿಡಕೂಡದು, ಬೆಚ್ಚಗಾಗುತ್ತ ಗುಳ್ಳೆ ಬಿಡುತ್ತದೆ. ಆದರೂ ಉಳಿದರೆ ಹೊರದಾರಿ ಮುಚ್ಚಿ ಸಿರಿಂಜ್‌ನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ: ಗಾಳಿ ಪಿಡಿಎಂಎಸ್ ಮೂಲಕವೇ ಸೋರಿಹೋಗುತ್ತದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ತೊಳೆಯಲೂ ಬಳಸುವುದಿಲ್ಲ. ಒಣಗಿ ಉಳಿದ ಉಪ್ಪೇ ಸೀಳು ಮುಚ್ಚಲು ಸಾಕು. ಡಿಸ್ಟಿಲ್ಡ್ ನೀರನ್ನೂ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತೇನೆ.

ಗೋಡೆಗೆ ಕೋಶ ಅಂಟದಂತೆ ಶೇ. 1 ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ದ್ರಾವಣ ತುಂಬಿ ಅರ್ಧ ಗಂಟೆ. ಯೀಸ್ಟ್ ಮಿ.ಲೀ.ಗೆ ಸುಮಾರು 10 ಲಕ್ಷ ಕೋಶ ಇರಲಿ, ದಟ್ಟವಾದರೆ ಒಂದೇ ಗೂಡಿನಲ್ಲಿ ಎರಡು ಕೂರುತ್ತವೆ. ಕರೆಂಟ್ ಹೋದರೆ ನಿಲ್ಲುವ ಪಂಪ್ ಬದಲು ಸಿರಿಂಜನ್ನು ಚಿಪ್‌ಗಿಂತ 10 ಸೆಂ.ಮೀ. ಮೇಲೆ ತೂಗುಹಾಕಿದ್ದೇನೆ. ಸುಮಾರು 1 ಕಿಲೋಪಾಸ್ಕಲ್ ಒತ್ತಡ, ಅಷ್ಟೇ ಬೇಕಾದದ್ದು.

ಚಿತ್ರ 5 ನಿಮಿಷಕ್ಕೊಂದು ಸಾಕು, 30 ಡಿಗ್ರಿಯಲ್ಲಿ ಯೀಸ್ಟ್ ಇಮ್ಮಡಿಯಾಗಲು ಸುಮಾರು ಒಂದೂವರೆ ಗಂಟೆ ಬೇಕು. ಎಲ್‌ಇಡಿ ಚಿತ್ರ ತೆಗೆಯುವ ಕ್ಷಣ ಮಾತ್ರ ಉರಿಯಲಿ. ಹೀಟರ್ ಹಾಕಿ ಒಂದು ಗಂಟೆ ಕಾದ ಮೇಲೆಯೇ ಫೋಕಸ್ ಮಾಡಿ, ಇಲ್ಲದಿದ್ದರೆ ಮೈಕ್ರೋಸ್ಕೋಪಿನ ಲೋಹ ಹಿಗ್ಗುತ್ತ ಮೊದಲ ಇಪ್ಪತ್ತು ಚಿತ್ರಗಳಲ್ಲೇ ಮೊಗ್ಗು ಕಾಣದಷ್ಟು ಫೋಕಸ್ ತಪ್ಪುತ್ತದೆ.