ಎಂ.ಎಸ್ಸಿ ಬಯಾಲಜಿಗೆ ನಿಮ್ಮದೇ ಪ್ಲಾನ್: ಕೊನೆಯಿಂದ ಶುರು ಮಾಡಿ

ಕೋರ್ಸ್‌ಗಳನ್ನು ನೀವೇ ಆರಿಸಿಕೊಳ್ಳಬಹುದಾದ ಎಂ.ಎಸ್ಸಿ ಸಿಕ್ಕಿದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಈ ಸ್ವಾತಂತ್ರ್ಯದಲ್ಲೇ ದಾರಿ ತಪ್ಪಿದವರನ್ನು ನಾನು ತುಂಬಾ ನೋಡಿದ್ದೇನೆ. ಜೀನೋಮಿಕ್ಸ್ ಒಂದು, ಪ್ರಾಣಿಗಳ ವರ್ತನೆ ಒಂದು, ಇಮ್ಯುನಾಲಜಿ ಒಂದು, ಸಸ್ಯರೋಗ ಒಂದು. ಎಲ್ಲದರಲ್ಲೂ ಒಳ್ಳೆಯ ಅಂಕ. ಥೀಸಿಸ್‌ಗೆ ಕೂತಾಗ ಮಾತ್ರ ಯಾವ ಕೆಲಸವೂ ಕೈಗೆ ಪೂರ್ತಿ ಹತ್ತಿರುವುದಿಲ್ಲ. ಅವರು ಓದಿನಲ್ಲಿ ಹಿಂದೆ ಬಿದ್ದವರಲ್ಲ. ಮೊದಲ ಸೆಮಿಸ್ಟರ್‌ನಿಂದ ಮುಂದಕ್ಕೆ ಪ್ಲಾನ್ ಮಾಡುತ್ತಾ ಹೋದರು, ಅಲ್ಲೇ ಎಡವಟ್ಟಾಯಿತು.

1. ನಿಯಮ ಓದಿ, ಗಂಟೆ ಲೆಕ್ಕ ಹಾಕಿ

ಒಟ್ಟು ಎಷ್ಟು ಕ್ರೆಡಿಟ್, ಎಷ್ಟು ಕಡ್ಡಾಯ, ಬೇರೆ ವಿಭಾಗದಿಂದ ಎಷ್ಟು ತರಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಒಂದು ಕ್ರೆಡಿಟ್ ಅಂದರೆ ಎಷ್ಟು ಗಂಟೆ ಎಂದು ಕೇಳಿ. ದೇಶದಿಂದ ದೇಶಕ್ಕೆ ಇದು ಬೇರೆ. ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಓದು. ಅಂದರೆ ಸೆಮಿಸ್ಟರ್‌ಗೆ 750ರಿಂದ 900 ಗಂಟೆ. 20 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 40 ಗಂಟೆ. ಕೆಲಸ ಮಾಡುತ್ತಾ ಓದುವವರು ಇದರ ಅರ್ಧಕ್ಕಿಂತ ಜಾಸ್ತಿ ಹೊರಬೇಡಿ.

2. ಒಂದು ಪ್ರಶ್ನೆ ಬರೆಯಿರಿ

‘ನನಗೆ ಪರಿಸರ ಇಷ್ಟ’ ಎಂಬುದು ಪ್ರಶ್ನೆಯಲ್ಲ. ‘ನೀರು ಬಿಸಿಯಾದರೆ ಗೊದಮೊಟ್ಟೆಗಳು ಬೇಗ, ಆದರೆ ಸಣ್ಣ ಕಪ್ಪೆಗಳಾಗುತ್ತವೆಯೇ?’ ಎಂಬುದು ಪ್ರಶ್ನೆ. ಮುಂದೆ ಇದನ್ನು ಬದಲಿಸಬಹುದು, ಭಯ ಬೇಡ. ಪ್ಲಾನ್ ಮಾಡಲು ಹಿಡಿದುಕೊಳ್ಳಲಿಕ್ಕೆ ಏನೋ ಒಂದು ಬೇಕು, ಅಷ್ಟೇ.

3. ಥೀಸಿಸ್ ಒಪ್ಪಿಸುವ ದಿನದಿಂದ ಹಿಂದಕ್ಕೆ ಬನ್ನಿ

ಹೆಚ್ಚಿನವರು ಸೋಲುವುದು ಇಲ್ಲಿ. ಹಾಗಾಗಿ ನಿಧಾನವಾಗಿ ನೋಡೋಣ.

ಕಾಗದವನ್ನು ಅಡ್ಡ ಇಟ್ಟು ತಿಂಗಳುಗಳ ಮನೆ ಹಾಕಿ. ಬಲತುದಿಯಲ್ಲಿ ಒಪ್ಪಿಸುವ ದಿನ. ಅದರ ಹಿಂದಿನ ಎರಡೂವರೆ ತಿಂಗಳು ಬರವಣಿಗೆಗೆ ಬಿಡಿ. ಒಂದು ತಿಂಗಳು ಸಾಕು ಎನ್ನುವವರ ಮಾತು ಕೇಳಲೇಬೇಡಿ. ಅದರ ಹಿಂದೆ ವಿಶ್ಲೇಷಣೆ. ಅದರ ಹಿಂದೆ ಪ್ರಯೋಗ.

ಪ್ರಯೋಗದ ಕಾಲವನ್ನು ಹೇಳುವುದು ನೀವಲ್ಲ, ಜೀವಿ. ಬಹಳಷ್ಟು ಕಪ್ಪೆಗಳು ತಮ್ಮ ಕಾಲ ಬಂದಾಗಲೇ ಮೊಟ್ಟೆ ಇಡುತ್ತವೆ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಲ್ಯಾಬ್‌ನಲ್ಲಿ ಬೆಳೆಸುವ ಯೀಸ್ಟ್‌ಗೆ ಈ ತೊಂದರೆಯಿಲ್ಲ. ಆದ್ದರಿಂದ ಪ್ರಾಣಿ, ಗಿಡಗಳ ಮೇಲೆ ಕೆಲಸ ಮಾಡುವವರು ಆ ತಿಂಗಳನ್ನು ಮೊದಲೇ ಕೆಂಪು ಶಾಯಿಯಲ್ಲಿ ಗುರುತಿಸಿ.

ಪ್ರಯೋಗಕ್ಕೂ ಹಿಂದೆ ಅನುಮತಿ ಇದೆ. ಗೊದಮೊಟ್ಟೆ ತಾನೆ ಎಂದು ಹಗುರಾಗಿ ತೆಗೆದುಕೊಳ್ಳಬೇಡಿ. ಯುರೋಪಿನ ಒಕ್ಕೂಟದ 2010ರ ನಿರ್ದೇಶನದ ಪ್ರಕಾರ ಬೆನ್ನೆಲುಬಿರುವ ಪ್ರಾಣಿಗಳ, ತಾನಾಗಿ ತಿಂದು ಬದುಕುವ ಮರಿಗಳ ಮೇಲಿನ ಪ್ರಯೋಗಕ್ಕೂ ಅನುಮತಿ ಬೇಕು. ನಿಮ್ಮಲ್ಲಿನ ನಿಯಮ ಏನೆಂದು ಮೊದಲ ತಿಂಗಳಲ್ಲೇ ಕೇಳಿ. ಅರ್ಜಿ ಒಂದೇ ಸಲಕ್ಕೆ ಪಾಸಾಗುತ್ತದೆ ಎಂದು ನಂಬಿಕೊಂಡು ಕೂರಬೇಡಿ.

ಇದೆಲ್ಲದಕ್ಕೂ ಮುಂಚೆ ಬರಬೇಕಾದದ್ದು ಸಂಖ್ಯಾಶಾಸ್ತ್ರ. ಬಹಳ ಜನ ಇದನ್ನು ಕೊನೆಗೆ ತಳ್ಳುತ್ತಾರೆ. ಒಂದು ಉದಾಹರಣೆ ನೋಡಿ. ಒಂದು ತೊಟ್ಟಿಯಲ್ಲಿ ಬಿಸಿ ನೀರು, ಇನ್ನೊಂದರಲ್ಲಿ ತಣ್ಣೀರು, ಎರಡರಲ್ಲೂ 30 ಗೊದಮೊಟ್ಟೆ. 60 ಅಳತೆ ಸಿಕ್ಕಿತು ಎಂದು ಸಂತೋಷಪಡುತ್ತೇವೆ. ನಿಜವಾಗಿ ಪ್ರತಿ ತಾಪಮಾನಕ್ಕೆ ಸಿಕ್ಕಿರುವುದು ಒಂದೇ ಒಂದು ಮಾದರಿ, ಯಾಕೆಂದರೆ ಆ ತಾಪಮಾನ ಕೊಟ್ಟಿದ್ದು ತೊಟ್ಟಿಗೆ, ಗೊದಮೊಟ್ಟೆಗಲ್ಲ. ಪ್ರತಿ ತಾಪಮಾನಕ್ಕೂ ಹಲವು ತೊಟ್ಟಿ ಬೇಕಿತ್ತು. ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಈ ತಪ್ಪಿಗೆ ‘ಸೂಡೊರೆಪ್ಲಿಕೇಶನ್’ (ಹುಸಿ ಪುನರಾವರ್ತನೆ) ಎಂದು ಹೆಸರಿಟ್ಟರು. ಪ್ರಯೋಗ ಮುಗಿದ ಮೇಲೆ ಇದಕ್ಕೆ ಮದ್ದಿಲ್ಲ. 1938ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಮಾತನಾಡಿದ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಕೂಡ ಇದನ್ನೇ ಹೇಳಿದ್ದರು: ಪ್ರಯೋಗ ಮುಗಿಸಿ ಸಂಖ್ಯಾಶಾಸ್ತ್ರಜ್ಞನ ಹತ್ತಿರ ಹೋದರೆ ಅವನು ಮಾಡಬಹುದಾದದ್ದು ಮರಣೋತ್ತರ ಪರೀಕ್ಷೆ ಅಷ್ಟೇ. ಹಾಗಾಗಿ ಸಂಖ್ಯಾಶಾಸ್ತ್ರ ಮೊದಲ ಸೆಮಿಸ್ಟರ್‌ನಲ್ಲೇ ಆಗಲಿ. ಜೊತೆಗೆ ಡೇಟಾ ವಿಶ್ಲೇಷಣೆಗೆ ಬಳಸುವ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಪೈಥಾನ್ ಗೊತ್ತಿದ್ದರೆ ಅದೂ ಸರಿ, ಆದರೆ ಒಂದನ್ನೇ ಗಟ್ಟಿ ಹಿಡಿಯಿರಿ.

ಇಲ್ಲೊಂದು ಮಾತು. ಎರಡೇ ದಿನದಲ್ಲಿ ಬಯೊಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದು) ಕಲಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಕೋರ್ಸ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬೇರೆಯವರು ಸಿದ್ಧ ಮಾಡಿದ ಡೇಟಾ ಮೇಲೆ ಬಟನ್ ಒತ್ತುವುದನ್ನು ಕಲಿತು ಬರುತ್ತೀರಿ. ನಿಮ್ಮ ಡೇಟಾ ಕೈಗೆ ಬಂದ ದಿನ ಅದು ಉಪಯೋಗಕ್ಕೆ ಬರುವುದಿಲ್ಲ.

4. ಈಗ ಕೋರ್ಸ್ ಆರಿಸಿ

ಇಷ್ಟಾದ ಮೇಲೆ ಇದು ಸಲೀಸು. ಗೊದಮೊಟ್ಟೆಯ ಪ್ರಶ್ನೆಗೆ ಬೆಳವಣಿಗೆಯ ಜೀವಶಾಸ್ತ್ರ, ಪ್ರಾಣಿಗಳ ಶರೀರಕ್ರಿಯೆ, ಪರಿಸರ ವಿಜ್ಞಾನ ಮೂರೂ ಬೇಕು. ಪ್ರತಿ ಕೋರ್ಸ್‌ಗೂ ಎರಡು ವಿಷಯ ನೋಡಿ: ಅದಕ್ಕೆ ಮುಂಚೆ ಏನು ಓದಿರಬೇಕು, ಅದು ಪ್ರತಿ ವರ್ಷ ನಡೆಯುತ್ತದೆಯೇ. ಕೆಲವು ಕೋರ್ಸ್‌ಗಳು ವರ್ಷ ಬಿಟ್ಟು ವರ್ಷ ನಡೆಯುತ್ತವೆ. ಅಂಕ ಸುಲಭ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಸೇರಿಸಬೇಡಿ.

5. ಒಂದು ಜಾಗ ಖಾಲಿ ಬಿಡಿ

ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಕೋರ್ಸ್‌ನ ಜಾಗ ಖಾಲಿ ಇರಲಿ. ಡೇಟಾ ನೋಡಿದ ಮೇಲೆ ಹಾರ್ಮೋನ್ ಬಗ್ಗೆ ಓದಬೇಕು ಅನ್ನಿಸಬಹುದು, ಅಲ್ವಾ? ಹೊಂದಿಕೊಳ್ಳುವ ಪದವಿ ಎಂದರೆ ನನ್ನ ಪ್ರಕಾರ ಈ ಖಾಲಿ ಜಾಗ. ಮೊದಲ ದಿನವೇ ಎಲ್ಲವನ್ನೂ ತುಂಬಿದರೆ ಅದು ಉಳಿಯುವುದಿಲ್ಲ.

6. ಲಿಖಿತ ಒಪ್ಪಿಗೆ ಪಡೆಯಿರಿ

ಗೈಡ್‌ಗೆ ಹಾಳೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಬೇರೆ ಕಡೆ ಮಾಡುವ ಕೋರ್ಸ್‌ನ ಕ್ರೆಡಿಟ್ ಸೇರುತ್ತದೆಯೇ ಎಂಬುದಕ್ಕೆ, ಆ ಕೋರ್ಸ್ ಶುರುವಾಗುವ ಮುಂಚೆಯೇ ಬರಹದಲ್ಲಿ ಉತ್ತರ ಬೇಕು. ‘ಆಮೇಲೆ ನೋಡೋಣ’ ಎಂಬ ಬಾಯಿಮಾತು ನಂಬಿ ಒಂದಿಡೀ ಸೆಮಿಸ್ಟರ್ ಕಳೆದುಕೊಂಡವರನ್ನು ಬಲ್ಲೆ. ನಿಧಾನವಾಗಿ ಓದುವವರು ಇನ್ನೊಂದನ್ನೂ ಕೇಳಿ: ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ, ಅಲ್ಲಿಯವರೆಗೆ ಹಳೆಯ ಕ್ರೆಡಿಟ್ ಉಳಿಯುತ್ತದೆಯೇ? ಆ ಉತ್ತರವನ್ನೂ ಅದೇ ಹಾಳೆಯ ಹಿಂದೆ ತಾರೀಕು ಹಾಕಿ ಬರೆದಿಡಿ.