ಒಂದೇ ಸಲಕ್ಕೆ ಕಿವಿಗೆ ದಕ್ಕಬೇಕು: ಹಾಡು ಬರೆಯುವ ನನ್ನ ರೀತಿ

ಕವನ ಓದುವವರು ಅರ್ಥ ಆಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಹಾಡು ಕೇಳುವವರಿಗೆ ಆ ಸೌಲಭ್ಯ ಇಲ್ಲ. ಒಂದು ಪದದ ಹತ್ತಿರ ತಡೆದರೆ ಮುಂದಿನ ಎರಡು ಸಾಲು ಕೈತಪ್ಪಿ ಹೋಗುತ್ತವೆ. ಅದಕ್ಕೇ ನಾನು ಬಾಯಲ್ಲಿ ಗುನುಗುತ್ತಾ ಬರೆಯುತ್ತೇನೆ. ಪೆನ್ನು ಹಿಡಿಯುವುದು ಕೊನೆಗೆ.

ಸಾಮಾನ್ಯವಾಗಿ ಟ್ಯೂನ್ ಮೊದಲೇ ಸಿಕ್ಕಿರುತ್ತದೆ. ಅದಕ್ಕೆ ಸುಮ್ನೆ ಡಮ್ಮಿ ಪದ ಹಾಕಿ ಹಾಡಿಕೊಂಡು, ಎಲ್ಲಿ ಒತ್ತು ಬೀಳುತ್ತದೆ, ಎಲ್ಲಿ ಎಳೆತ ಇದೆ ಅಂತ ಗುರುತು ಮಾಡಿಕೊಳ್ಳುತ್ತೇನೆ. ಉದ್ದ ಎಳೆಯುವ ಕಡೆ ‘ಆ’, ‘ಓ’ ಬಂದರೆ ಗಾಯಕರಿಗೆ ಆರಾಮ. ತಾರಸ್ಥಾಯಿಯಲ್ಲಿ, ಅಂದರೆ ದನಿ ತುಂಬಾ ಮೇಲೇರುವ ಕಡೆ, ‘ಈ’ ಬಂದರೆ ಎಷ್ಟೋ ಜನರಿಗೆ ಗಂಟಲು ಬಿಗಿಯುತ್ತದೆ.

ತಂದೆ ತೀರಿಕೊಂಡ ಮನೆಯ ಬಗ್ಗೆ ಒಂದು ಹಾಡು ಬರೆಯಬೇಕಿತ್ತು. ನಾಲ್ಕು ನಾಲ್ಕು ಮಾತ್ರೆಯ ನಡೆ (ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು). ಇಂಥ ವಿಷಯಕ್ಕೆ ನೋವು, ಕಣ್ಣೀರು, ಶೂನ್ಯ ತಾವಾಗೇ ಓಡಿ ಬರುತ್ತವೆ. ಅವನ್ನು ಬಳಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಅಳುವ ಕೆಲಸವನ್ನೂ ನಾವೇ ಮಾಡಿಬಿಟ್ಟರೆ ಕೇಳುವವರಿಗೆ ಏನು ಉಳಿಯುತ್ತದೆ? ಕಣ್ಣಿಗೆ ಕಾಣುವ ಒಂದು ವಸ್ತು ಹುಡುಕಿದೆ. ಪಲ್ಲವಿ ಹೀಗೆ ಬಂತು:

ಅಪ್ಪನ ಚಪ್ಪಲಿ ಬಾಗಿಲ ಬಳಿಯೇ
ತೆಗೆದಿಡೊ ಮನಸೇ ಯಾರಿಗು ಇಲ್ಲ

ಲೆಕ್ಕ ಹಾಕಿ ನೋಡಿ: ಅಪ್ಪನ, ಚಪ್ಪಲಿ, ಬಾಗಿಲ, ಬಳಿಯೇ, ಎಲ್ಲಕ್ಕೂ ನಾಲ್ಕೇ ಮಾತ್ರೆ. ಅಪ್ಪನ, ಚಪ್ಪಲಿ ಎರಡರಲ್ಲೂ ‘ಪ್ಪ’ ಇರುವುದರಿಂದ ತಾಳಕ್ಕೆ ತಾನೇ ಒಂದು ಹಿಡಿತ ಸಿಗುತ್ತದೆ. ಎರಡನೇ ಸಾಲಿನ ಕೊನೆಗೆ ಒಂದು ಮಾತ್ರೆ ಕಮ್ಮಿ ಇದೆ. ಅದನ್ನು ತುಂಬಿಸಲು ಹೋಗಲಿಲ್ಲ, ಅಲ್ಲಿ ಉಸಿರು ತೆಗೆದುಕೊಳ್ಳಲಿ ಅಂತ ಬಿಟ್ಟೆ. ಅಂತ್ಯಪ್ರಾಸವೂ ಇಲ್ಲ. ಪ್ರಾಸಕ್ಕಾಗಿ ‘ಇಲ್ಲ’ವನ್ನು ಕಳೆದುಕೊಳ್ಳುವುದು ನನಗೆ ನಷ್ಟದ ವ್ಯಾಪಾರ ಅನ್ನಿಸಿತು.

ಪದ ಒಡೆಯುವ ಜಾಗವನ್ನು ನಾನು ತುಂಬಾ ಹುಷಾರಾಗಿ ನೋಡುತ್ತೇನೆ. ‘ಮರೆಯಲಾರೆ’ ಅಂತ ಬರೆದಿದ್ದೀರಿ ಅಂದುಕೊಳ್ಳಿ. ಟ್ಯೂನ್ ‘ಲಾ’ ಮೇಲೆ ಎಳೆದು ನಿಂತು, ‘ರೆ’ ಮುಂದಿನ ಆವರ್ತಕ್ಕೆ, ಅಂದರೆ ತಾಳದ ಮುಂದಿನ ಸುತ್ತಿಗೆ, ಬಿತ್ತು. ಕೇಳುವವರ ಕಿವಿಗೆ ಬೀಳುವುದು ‘ಮರೆಯಲಾ?’ ಅರ್ಥವೇ ಉಲ್ಟಾ ಆಯ್ತು, ಅಲ್ವಾ? ಕಾಗದದ ಮೇಲೆ ಇದು ಕಾಣುವುದೇ ಇಲ್ಲ.

ಎರಡನೇ ಚರಣ ಜಾಸ್ತಿ ಕಾಡುತ್ತದೆ. ಮೊದಲ ಚರಣದ್ದನ್ನೇ ಬೇರೆ ಪದಗಳಲ್ಲಿ ಹೇಳುವ ಆಸೆ ಆಗುತ್ತದೆ. ಆಗ ನಾನು ಕಾಲ ಬದಲಿಸುತ್ತೇನೆ. ಈ ಹಾಡಲ್ಲಿ ಮೊದಲ ಚರಣ ಸಾವಾದ ವಾರದ್ದು. ಎರಡನೆಯದರಲ್ಲಿ ವರ್ಷಗಳು ಕಳೆದು, ಮಗನ ಕಾಲಿಗೆ ಅದೇ ಚಪ್ಪಲಿ ಸರಿಹೊಂದುತ್ತದೆ. ಅದಾದ ಮೇಲೆ ಪಲ್ಲವಿ ಮತ್ತೆ ಬಂದಾಗ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೂ ಅದು ಬೇರೆಯೇ ಮಾತು ಆಡುತ್ತದೆ.

ಬರೆದದ್ದನ್ನು ಪರೀಕ್ಷೆ ಮಾಡುವುದು ಹೀಗೆ: ಸಾಹಿತ್ಯ ತೋರಿಸದೆ ಒಬ್ಬರ ಮುಂದೆ ಒಂದೇ ಸಲ ಹಾಡುತ್ತೇನೆ. ‘ಹೇಗಿದೆ’ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ಪಾಪ. ‘ಯಾವ ಸಾಲು ನೆನಪಿದೆ, ಹೇಳಿ’ ಅನ್ನುತ್ತೇನೆ. ಅವರು ತಪ್ಪಾಗಿ ಹೇಳಿದ ಸಾಲನ್ನು ಹಾಗೇ ಬರೆದಿಟ್ಟುಕೊಳ್ಳುತ್ತೇನೆ. ಕೆಲವು ಸಲ ಅವರ ತಪ್ಪು ಪದವೇ ಬಾಯಿಗೆ ಸಲೀಸಾಗಿರುತ್ತದೆ, ಅದನ್ನೇ ಹಾಡಿಗೆ ಸೇರಿಸಿಬಿಡುತ್ತೇನೆ. ರೆಕಾರ್ಡಿಂಗಿಗೆ ಹೋಗುವಾಗಲೂ ತೊಡಕಾಗಬಹುದಾದ ಪದಗಳಿಗೆ ಬದಲಿ ಪದ ಜೇಬಲ್ಲಿ ಇರುತ್ತದೆ. ಗಾಯಕರು ನಾಲಿಗೆ ಹೊರಳುತ್ತಿಲ್ಲ ಅಂದರೆ ವಾದಕ್ಕೆ ಇಳಿಯುವುದಿಲ್ಲ, ಚೀಟಿ ತೆಗೆದು ಕೊಡುತ್ತೇನೆ.